ಕತ್ತರಿಸಿದ ಚಿತ್ರದ ಎಡಭಾಗ

ಆ ಚಿತ್ರವನ್ನು ಕತ್ತರಿಸಿದವನು ನಾನು. ಪುಟ ಕಟ್ಟುವವರಲ್ಲ, ಉಪಸಂಪಾದಕರಲ್ಲ, ಜಾಗದ ಕೊರತೆಯೂ ಅಲ್ಲ — ನಾನು. ರೋಣದ ಬಸ್ ನಿಲ್ದಾಣದ ಎದುರಿಗಿದ್ದ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು, ಹಾಡಹಗಲಲ್ಲಿ, ಚಿತ್ರದ ಎಡಭಾಗವನ್ನು ತೆಗೆದುಹಾಕಿದೆ. ಉಳಿದ ಬಲಭಾಗವನ್ನು ಪತ್ರಿಕೆಗೆ ಕಳುಹಿಸಿದೆ. ಮರುದಿನ ಅದು ಜಿಲ್ಲೆಯ ಪುಟದಲ್ಲಿ ಅಚ್ಚಾಯಿತು. ಆ ಅರ್ಧ ಚಿತ್ರದಿಂದಾಗಿ ಇಮಾಮಸಾಬ ಎಂಬ ಮನುಷ್ಯರು ಹುಟ್ಟಿದ ಊರು ಬಿಟ್ಟರು.

ಇದನ್ನು ಹೊರಗೆ ಆಡಬೇಡ ಎಂದು ನನ್ನ ಅಣ್ಣ ಹೇಳಿದ. ಹಳೆಯದನ್ನು ಕೆದಕಿ ಏನು ಪ್ರಯೋಜನ ಎಂದು ಪಂಚಾಯಿತಿಯವರು ಹೇಳಿದರು. ಇಷ್ಟು ವರ್ಷದ ಮೇಲೆ ತಿದ್ದುಪಡಿ ಹಾಕುವ ರೂಢಿ ಇಲ್ಲ ಎಂದು ಪತ್ರಿಕೆಯವರು ಹೇಳಿದರು. ಎಲ್ಲರ ಮಾತನ್ನೂ ಪೂರ್ತಿ ಕೇಳಿದ್ದೇನೆ. ಕೇಳಿದ ಮೇಲೆಯೇ ಬರೆಯಲು ಕುಳಿತಿದ್ದೇನೆ. ಇದು ಎಲ್ಲಿ ಅಚ್ಚಾಗುತ್ತದೆಯೋ ಗೊತ್ತಿಲ್ಲ, ಎಲ್ಲಿಯಾದರೂ ಆಗುತ್ತದೆ.

ಅರ್ಧ ಆಯುಷ್ಯ ರೋಣ, ನರಗುಂದ, ಗಜೇಂದ್ರಗಡದ ಸುದ್ದಿ ಬರೆದವನು ನಾನು. ಹೊಳೆಮಣ್ಣೂರಿಗೆ ಮಲಪ್ರಭೆ ನುಗ್ಗಿದಾಗ ಯಾರೋ ಹೇಳಿದ ಲೆಕ್ಕ ಬರೆಯಲಿಲ್ಲ. ಕೆಸರಿನಲ್ಲಿ ನಡೆದು ನೀರು ಹೊಕ್ಕ ಮನೆಗಳನ್ನು ನಾನೇ ಎಣಿಸಿದೆ. ಒಬ್ಬರ ಅಡ್ಡಹೆಸರು ತಪ್ಪಾದರೆ ಮರುದಿನವೇ ತಿದ್ದುಪಡಿ ಕಳುಹಿಸುತ್ತಿದ್ದೆ. ಆ ಶಿಸ್ತಿನ ಬಗ್ಗೆ ನನಗೆ ಹೆಮ್ಮೆ ಇತ್ತು. ಆದ್ದರಿಂದಲೇ ಈ ಕೆಲಸವನ್ನು ಅವಸರ, ಮರೆವು, ಅನನುಭವ ಎಂದು ಕರೆಯಲು ನನಗೆ ದಾರಿಯಿಲ್ಲ. ಏನು ಮಾಡುತ್ತಿದ್ದೇನೆ ಎಂದು ಗೊತ್ತಿದ್ದೇ ಮಾಡಿದೆ.

ನನ್ನ ಊರು ರೋಣದಿಂದ ಮೆಣಸಗಿ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ. ಊರವರಿಗೆ ಗೊತ್ತಿದೆ, ಉಳಿದವರಿಗೆ ಇದು ತಮ್ಮ ಊರೇ ಎನಿಸಿದರೆ ಎನಿಸಲಿ. ಎರೆಭೂಮಿ ನಮ್ಮದು. ಬಾವಿ ತೋಡಿದರೂ ಬೋರು ಕೊರೆದರೂ ಸವಳು ನೀರು. ಕುಡಿಯುವುದಕ್ಕೆ ಇದ್ದದ್ದು ಕೆರೆಯೊಂದೇ. ಹೀಗಾಗಿ ನಮ್ಮಲ್ಲಿ ಏರಿಯ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೆರೆಗೆ ಇಳಿಯಬೇಕು. ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಇದನ್ನು ಯಾವ ಫಲಕದಲ್ಲೂ ಬರೆದಿಲ್ಲ, ಆದರೆ ನಡೆಯಲು ಕಲಿತ ಮಗುವಿಗೂ ಗೊತ್ತು. ಹೀಗೆ ಬರಿಗಾಲಲ್ಲಿ ಕೆರೆಗೆ ಇಳಿಯುತ್ತಿದ್ದ ನಾವು, ಅದೇ ಕೆರೆಯ ಪಕ್ಕದ ಹೊಲಗಳಲ್ಲಿ ಏನು ಮಾಡುತ್ತಿದ್ದೆವು ಎಂಬುದನ್ನು ಈಗ ಹೇಳಬೇಕು.

ಗೋವಿನಜೋಳ ಎದೆಮಟ್ಟ ಬೆಳೆದ ಮೇಲೆ ಸಾಲುಗಳೊಳಗೆ ಹೊಕ್ಕು ಯೂರಿಯಾ ಎರಚುವುದು ಕಷ್ಟ. ಗರಿ ಮುಖ ಕೊಯ್ಯುತ್ತದೆ, ಆಳು ಸಿಗುವುದಿಲ್ಲ. ಅದಕ್ಕೆ ನಮ್ಮ ಕಡೆ ಒಂದು ಸುಲಭದ ದಾರಿ ಕಂಡುಕೊಂಡಿದ್ದರು. ಕಾಲುವೆಯಿಂದ ಎತ್ತಿದ ನೀರು ಪೈಪಿನಿಂದ ಹೊಲಕ್ಕೆ ಬೀಳುವ ಬಾಯಿಗೆ ಯೂರಿಯಾ ಚೀಲವನ್ನೇ ಒಡ್ಡುವುದು, ಕುಡುಗೋಲಿನಿಂದ ಅದಕ್ಕೆ ಎರಡು ಗೀರು ಹಾಕುವುದು, ಪಂಪು ಹಚ್ಚಿ ಮನೆಗೆ ಹೋಗುವುದು. ನೀರೇ ಗೊಬ್ಬರವನ್ನು ಕರಗಿಸಿ ಸಾಲು ಸಾಲಿಗೂ ಒಯ್ಯುತ್ತದೆ. ಹೊಲ ಕುಡಿದು ಮಿಕ್ಕ ನೀರು ಬಸಿಗಾಲುವೆಗೆ, ಬಸಿಗಾಲುವೆಯಿಂದ ಕೆರೆಗೆ. "ಹೆಚ್ಚಾದ್ರ ಏನಾಗತೈತಿ, ಹರದ ಹೋಗತೈತಿ" ಎನ್ನುತ್ತಿದ್ದರು. ಹರಿದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ — ಕೇಳುವುದೇ ಕಸುಬಾಗಿದ್ದ ನಾನೂ ಕೇಳಲಿಲ್ಲ.

ಆ ವರ್ಷ ಮಳೆ ಹಿಂದೆ ಸರಿದು ಬಿಸಿಲು ಬಿದ್ದ ವಾರ ಕೆರೆ ಹಸಿರಾಯಿತು. ಮೊದಲು ಅಂಚಿನಲ್ಲಿ ತೆಳ್ಳಗೆ, ಆಮೇಲೆ ನಡುವಿನವರೆಗೂ ದಪ್ಪಗೆ. ಕೊಡ ಅದ್ದಿದರೆ ಕೊಡದ ಕಂಠಕ್ಕೆ ಹಸಿರು ಅಂಟುತ್ತಿತ್ತು. ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ನಾತ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲು ಮಾಡಿ ತೇಲಿದವು. ಕೆರೆಗೆ ಯಾರೋ ವಿಷ ಹಾಕಿದ್ದಾರೆ ಎಂದು ಊರು ಮಾತಾಡತೊಡಗಿತು. ಎರಡು ದಿನದಲ್ಲಿ ಆ 'ಯಾರೋ' ಎಂಬುದಕ್ಕೆ ಒಂದು ಹೆಸರು ಸಿಕ್ಕಿತು.

ಇಮಾಮಸಾಬರದು ಚೀಲದ ಕೆಲಸ. ಮನೆ ಮನೆಗೆ ಹೋಗಿ ಖಾಲಿ ಗೊಬ್ಬರದ ಚೀಲ ಕೊಂಡು ತರುತ್ತಿದ್ದರು. ತೊಳೆದು, ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು ತಾಡಪತ್ರಿ ಮಾಡುತ್ತಿದ್ದರು. ಊರಿನ ಯಾವ ಅಂಗಳದಲ್ಲಿ ಮೆಣಸಿನಕಾಯಿ ಒಣಗಿದರೂ ಅದು ಒಣಗುತ್ತಿದ್ದದ್ದು ಅವರು ಹೊಲಿದ ಹಾಸಿನ ಮೇಲೆ. ನಮ್ಮ ಮನೆಯದೂ.

ಸುದ್ದಿ ಬರೆಯುವ ಮೊದಲು ನಾನು ಸರೋಜಾ ಟೀಚರನ್ನು ಕಂಡೆ. ಊರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಊರಿಗೆಲ್ಲ ಅಕ್ಕೋರು. ಗಾಜಿನ ಬಾಟಲಿಯಲ್ಲಿ ಕೆರೆಯ ನೀರು ತುಂಬಿ ಕಿಟಕಿಯಲ್ಲಿ ಇಟ್ಟುಕೊಂಡಿದ್ದರು.

"ಇದು ವಿಷ ಅಲ್ರಿ ಸರ್," ಎಂದರು. "ಇದೂ ಒಂದ್ ಬೆಳಿ. ನೀವು ಗೋವಿನಜ್ವಾಳಕ್ಕ ಉಣಸಿದ್ದನ್ನ ಇದು ಉಂಡೈತಿ."

"ಮತ್ತ ಮೀನ್ಯಾಕ ಸತ್ವು?"

"ಪಾಚಿ ಬೆಳೀತು, ಸತ್ತಿತು, ಕೊಳೀತು. ಕೊಳಿಯೂದಕ್ಕ ನೀರಾಗಿನ ಉಸರೆಲ್ಲಾ ಬೇಕಾತು. ಮೀನಿಗೆ ಏನ್ ಉಳೀತು?"

ಚೀಲ ತೊಳೆಯುವುದರಿಂದ ಹೀಗಾಯಿತು ಎನ್ನುತ್ತಾರಲ್ಲ ಎಂದೆ. ಅವರಿಗೆ ನಗು ಬಂತು.

"ಖಾಲಿ ಚೀಲಕ್ಕ ಅಂಟಿದ್ದು ಎಷ್ಟಿರತೈತ್ರಿ? ಒಂದ್ ಮುಟಿಗಿ. ಚೀಲದಾಗ ಇದ್ದದ್ದು ಎಲ್ಲಿ ಹೋತು — ಅದನ್ನ ಕೇಳ್ರಿ. ನೀವು ಪತ್ರಕರ್ತ್ರು ಇದ್ದೀರಲ್ಲ."

ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಪುಸ್ತಕ ಈಗಲೂ ನನ್ನ ಬಳಿ ಇದೆ. ಮಾತಿನ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಅಚ್ಚಾದ ಸುದ್ದಿಯಲ್ಲಿ ಅದರ ಒಂದು ಪದವೂ ಇಲ್ಲ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕ್ಯಾಮೆರಾ ಹಿಡಿದು ಏರಿಯ ಮೇಲೆ ಹೋದೆ. ಕೆರೆ ತುಂಬಿತ್ತು, ಕೋಡಿ ಸಣ್ಣಗೆ ಹರಿಯುತ್ತಿತ್ತು. ಹೆಚ್ಚಾದ ನೀರು ಆ ಕಲ್ಲಿನ ಕಟ್ಟೆ ದಾಟಿ ಹೊರಗೆ ಬಿದ್ದರೆ ಮತ್ತೆ ಕೆರೆಗೆ ಬರುವುದಿಲ್ಲ. ಹಳ್ಳ ಸೇರಿ ಹೊಳೆಯ ಕಡೆಗೆ ಹೋಗುತ್ತದೆ. ಇಮಾಮಸಾಬರು ಕಟ್ಟೆಯಾಚೆ, ಆ ಹೊರಗಿನ ಗುಂಡಿಯಲ್ಲಿ ಕುಳಿತು ಚೀಲ ತೊಳೆಯುತ್ತಿದ್ದರು. ಯಾವಾಗಲೂ ಅಲ್ಲೇ ತೊಳೆಯುತ್ತಿದ್ದರು. ಗುಂಡಿಯಲ್ಲಿ ಇದ್ದದ್ದೂ ಕೆರೆಯಿಂದ ಹೊರಬಿದ್ದ ಹಸಿರು ನೀರೇ. ನಾನು ಒಂದು ಚಿತ್ರ ತೆಗೆದೆ.

ಆ ಚಿತ್ರದಲ್ಲಿ ಏನಿತ್ತು ಎಂದು ಸರಿಯಾಗಿ ಹೇಳುತ್ತೇನೆ. ಬಲಭಾಗದಲ್ಲಿ ಇಮಾಮಸಾಬರು, ಚೀಲದ ರಾಶಿ, ಹಸಿರು ನೀರು. ನಡುವೆ ಕೋಡಿಯ ಕಲ್ಲುಗಳು. ಎಡಭಾಗದಲ್ಲಿ ಕೆರೆ, ಕೆರೆಯ ಅಂಚಿಗೆ ನಮ್ಮ ಹೊಲ, ಹೊಲದ ಬಸಿಗಾಲುವೆ ಕೆರೆಗೆ ಬೀಳುತ್ತಿರುವ ಜಾಗ. ಅದರ ಮೇಲ್ಗಡೆ, ಪೈಪಿನ ಬಾಯಿಗೆ ಒಡ್ಡಿದ ಒಂದು ಬಿಳಿ ಚೀಲ. ಬಿಸಿಲು ಚಲೋ ಇತ್ತು. ಚೀಲದ ಮೇಲಿನ ಗೀರುಗಳೂ ಕಾಣುತ್ತಿದ್ದವು.

ನಡುವಿನ ಕಲ್ಲುಗಳ ಸಮೇತ ಎಡಭಾಗ ತೆಗೆದರೆ ಕೋಡಿ ಇಲ್ಲ, ಕೆರೆ ಇಲ್ಲ, ಹೊಲ ಇಲ್ಲ. ಒಬ್ಬ ಮನುಷ್ಯ ಹಸಿರು ನೀರಿನಲ್ಲಿ ಗೊಬ್ಬರದ ಚೀಲ ತೊಳೆಯುತ್ತಿದ್ದಾನೆ, ಅಷ್ಟೇ. ಉಳಿದದ್ದನ್ನು ಓದುವವರೇ ಸೇರಿಸಿಕೊಳ್ಳುತ್ತಾರೆ.

ಅಣ್ಣನ ಮಾನ ಉಳಿಸಲು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಲ ನೋಡಿಕೊಳ್ಳುವವನು ಅಣ್ಣ ಶೇಖರಪ್ಪ, ನಾನು ಪೇಪರಿನವನು, ನನಗೂ ಆ ಚೀಲಕ್ಕೂ ಏನು ಸಂಬಂಧ — ಹೀಗೆ. ಅದೂ ಸುಳ್ಳು. ಆ ದಿನ ಅಣ್ಣ ಊರಲ್ಲಿ ಇರಲಿಲ್ಲ. ಮದುವೆಗೆಂದು ನರಗುಂದಕ್ಕೆ ಹೋಗಿದ್ದ. ಹೋಗುವಾಗ ಪಂಪು ಹಚ್ಚಲು ನನಗೆ ಹೇಳಿದ್ದ. ಬೆಳಿಗ್ಗೆ ಆ ಚೀಲ ಹೊತ್ತು ತಂದವನು ನಾನು. ಕುಡುಗೋಲಿನಿಂದ ಗೀರಿದವನು ನಾನು. ಕೈ ತೊಳೆದುಕೊಂಡು, ಕ್ಯಾಮೆರಾ ಹಿಡಿದು, ಕೆರೆ ಯಾಕೆ ಹಸಿರಾಯಿತು ಎಂದು ವರದಿ ಮಾಡಲು ಹೋದವನೂ ನಾನೇ. ಅಕ್ಕೋರ ಮಾತು ಕೇಳಿ ಒಂದು ಹಗಲೂ ಕಳೆದಿರಲಿಲ್ಲ.

ಇನ್ನೊಂದು ಮಾತು. ಕೆಟ್ಟದ್ದನ್ನು ಹೇಳಲು ಹೊರಟ ಮೇಲೆ ಪೂರ್ತಿ ಹೇಳಬೇಕು. ಚಿತ್ರದಲ್ಲಿದ್ದವರ ಹೆಸರು ಬೇರೆ ಇದ್ದಿದ್ದರೆ ಊರು ಇಷ್ಟು ಬೇಗ ನಂಬುತ್ತಿತ್ತೇ ಎಂಬ ಪ್ರಶ್ನೆಯನ್ನು ಆ ಅಂಗಡಿಯಲ್ಲಿ ಕುಳಿತಾಗಲೇ ನಾನು ಕೇಳಿಕೊಂಡಿದ್ದೆ. ಉತ್ತರ ಗೊತ್ತಿತ್ತು. ಗೊತ್ತಿದ್ದೇ ಕಳುಹಿಸುವ ಗುಂಡಿ ಒತ್ತಿದೆ.

ಚಿತ್ರ ಅಚ್ಚಾದ ದಿನ ಮಧ್ಯಾಹ್ನ ಪಂಚಾಯಿತಿ ಕಟ್ಟೆಯ ಮೇಲೆ ಊರು ಸೇರಿತು. ಇಮಾಮಸಾಬರನ್ನು ಕರೆಸಿದರು. ಅವರು ಹೆಗಲ ಮೇಲಿನ ಟವೆಲು ತೆಗೆಯದೆ, ಕೈ ಮುಗಿಯದೆ ನಿಂತರು.

"ಕೆರ್ಯಾಗ ಚೀಲ ತೊಳೀಬಾರದು ಅಂತ ನಿನಗ ಯಾರೂ ಹೇಳಿಲ್ಲೇನೋ ಸಾಬಾ?" ಎಂದು ಒಬ್ಬ ಹಿರಿಯರು ಕೇಳಿದರು.

"ಹೇಳ್ಯಾರ್ರಿ. ಅದಕ್ಕ ಕೋಡಿ ಆಚೆ ತೊಳೀತೀನಿ. ನನ್ನ ಮನ್ಯಾಗಿನವ್ರೂ ಇದ ನೀರ ಕುಡೀತಾರ್ರಿ."

"ಪೇಪರಿನ್ಯಾಗ ಬಂದೈತಲ್ಲ. ಫೋಟೊ ಸುಳ್ಳ ಹೇಳತೈತೇನು?"

"ಇಷ್ಟ ದಿವಸ ನಮಗೆಲ್ಲಾ ಚೀಲ ತೊಳದ ನೀರ ಕುಡಿಸಿದಿ ಅನ್ನು," ಎಂದು ಹಿಂದಿನಿಂದ ಯಾರೋ ಕೂಗಿದರು. ನಾಲ್ಕಾರು ಜನ ನಕ್ಕರು.

ಇಮಾಮಸಾಬರು ನಗುವ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದರು. "ಫೋಟೊ ತಗದವ್ರು ಇಲ್ಲೇ ಅದಾರ. ಸರ್, ನೀವ ಹೇಳ್ರಿ. ನಾ ಎಲ್ಲಿ ಕುಂತಿದ್ನಿ?"

ಎಲ್ಲರೂ ನನ್ನನ್ನು ನೋಡಿದರು. ಆಗ ನಾನು ಆಡಿದ ಮಾತು ಇದು, ಒಂದಕ್ಷರ ಬದಲಿಸದೆ ಬರೆಯುತ್ತೇನೆ: "ಫೋಟೊದಾಗ ಏನೈತಿ, ಅದ ಐತಿ."

ತಪ್ಪೊಪ್ಪಿಗೆ ಬರೆದು ಸಹಿ ಹಾಕು ಎಂದು ಹಿರಿಯರು ಹೇಳಿದರು, ಇಮಾಮಸಾಬರು ಹಾಕಲಿಲ್ಲ. ಸಹಿ ಹಾಕದಿದ್ದರೆ ನಿನ್ನ ಮನೆಯವರು ಕೆರೆಗೆ ಇಳಿಯುವಂತಿಲ್ಲ ಎಂದರು, ಆಗಲೂ ಹಾಕಲಿಲ್ಲ. ಮರುದಿನ ಅವರ ಹೆಂಡತಿ ಹಸೀನಾಬಿ ಕೊಡ ಹಿಡಿದು ಬಂದು, ಏರಿಯ ಕೆಳಗೆ ಎಲ್ಲರ ಚಪ್ಪಲಿಯ ಪಕ್ಕ ತನ್ನ ಚಪ್ಪಲಿ ಬಿಟ್ಟು ಮೆಟ್ಟಿಲ ತನಕ ಹೋದರು. ಹೆಂಗಸರು ಅಡ್ಡ ನಿಂತರು. ಖಾಲಿ ಕೊಡ ಹಿಡಿದು ಮರಳಿ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನಾನು ಏರಿಯ ಮೇಲೆ ನಿಂತಿದ್ದೆ. ಅದನ್ನು ವರದಿ ಮಾಡಲಿಲ್ಲ. ಆ ವರ್ಷ ಯಾರೂ ತಾಡಪತ್ರಿ ಹೊಲಿಯಲು ಹೇಳಲಿಲ್ಲ. ಮೆಣಸಿನಕಾಯಿ ಕೆಂಪಾಗುವ ಮೊದಲೇ ಆ ಮನೆಗೆ ಬೀಗ ಬಿತ್ತು. ಗಜೇಂದ್ರಗಡಕ್ಕೆ ಹೋದರಂತೆ ಎಂದರು.

ಕೆರೆ ಮುಂದಿನ ವರ್ಷವೂ ಹಸಿರಾಯಿತು. ಅದರ ಮುಂದಿನ ವರ್ಷವೂ. ಚೀಲ ತೊಳೆಯುವವರು ಊರಿನಲ್ಲಿ ಇರಲಿಲ್ಲ, ಆದರೂ ಆಯಿತು. ಒಬ್ಬರಾದರೂ ಬಂದು ಕೇಳುತ್ತಾರೆ ಎಂದು ನಾನು ಹೆದರಿದ್ದೆ. ಯಾರೂ ಕೇಳಲಿಲ್ಲ. ಊರಿಗೆ ಶುದ್ಧ ನೀರಿನ ಘಟಕ ಬಂತು. ಜನ ಕ್ಯಾನ್ ಹಿಡಿದು ಅಲ್ಲಿ ಸಾಲು ನಿಂತರು. ಕೆರೆಗೆ ಹೋಗುವವರು ಕಡಿಮೆಯಾದರು.

ಈ ವರ್ಷ ಮತ್ತೆ ಮೀನು ಸತ್ತವು. ಹಿಕ್ಕೆಯ ಗೊಬ್ಬರಕ್ಕಾಗಿ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಲು ಬಂದ ಕುರಿಗಾರರು ಕೆರೆಗೆ ಏನೋ ಹಾಕಿದ್ದಾರೆ ಎಂದು ಊರು ಮಾತಾಡತೊಡಗಿತು. ನಾನು ವರದಿಗಾರಿಕೆ ಬಿಟ್ಟಿದ್ದೇನೆ, ಆದರೂ ಪತ್ರಿಕೆಯಿಂದ ಒಬ್ಬರು ಫೋನ್ ಮಾಡಿದರು. "ಸರ್, ನಿಮ್ಮ ಊರ ಕೆರೆಯದು ಒಂದು ಹಳೆಯ ಫೋಟೊ ಇತ್ತಲ್ಲ, ಚೀಲ ತೊಳೆಯುತ್ತಿರುವುದು? ಸಂಗ್ರಹ ಚಿತ್ರ ಅಂತ ಹಾಕಿಕೊಳ್ಳುತ್ತೇವೆ, ಕಳುಹಿಸ್ತೀರಾ?"

ಸಂಗ್ರಹ ಚಿತ್ರ. ನಾನೂ ಎಷ್ಟೋ ಸಲ ಹಾಗೆ ಕೇಳಿ ಹಾಕಿಸಿದ್ದೇನೆ. ಒಂದು ಸುಳ್ಳಿಗೆ ಅಷ್ಟು ವಯಸ್ಸಾದರೆ ಅದು ದಾಖಲೆಯಾಗುತ್ತದೆ. ಹಳೆಯ ಮೆಮರಿ ಕಾರ್ಡು ಹುಡುಕಿ ತೆಗೆದೆ. ಪೂರ್ತಿ ಚಿತ್ರ ಅದರಲ್ಲಿಯೇ ಇತ್ತು. ಇಷ್ಟು ವರ್ಷ ಯಾಕೆ ಅಳಿಸಲಿಲ್ಲವೋ — ಅದಕ್ಕೆ ಉತ್ತರ ಕೊಡಲು ಹೋದರೆ ನನ್ನನ್ನು ನಾನೇ ಹೊಗಳಿಕೊಂಡಂತೆ ಆಗುತ್ತದೆ. ಬೇಡ.

ಪೂರ್ತಿ ಚಿತ್ರವನ್ನೇ ಕಳುಹಿಸಿ, ಹಿಂದಿನದು ತಪ್ಪು ಎಂದು ತಿದ್ದುಪಡಿ ಬರೆದೆ. ರೂಢಿ ಇಲ್ಲ ಎಂಬ ಅವರ ಉತ್ತರವನ್ನು ಮೇಲೆಯೇ ಹೇಳಿದ್ದೇನೆ. ನಾನು ಗಜೇಂದ್ರಗಡದ ಬಸ್ಸು ಹತ್ತಿದೆ.

ಹುಡುಕುವುದು ಕಷ್ಟವಾಗಲಿಲ್ಲ. ಟಂಟಂ ಆಟೊಗಳ ಸೀಟಿಗೆ ರೆಗ್ಜಿನ್ ಹೊಲಿಯುವ ಸಣ್ಣ ಅಂಗಡಿ, ಹಿಂದೆಯೇ ಮನೆ. ಗಡ್ಡ ಬೆಳ್ಳಗಾಗಿತ್ತು. ಕೈಯಲ್ಲಿ ದಬ್ಬಣ ಇತ್ತು.

"ಬರ್ರಿ ಪತ್ರಕರ್ತ್ರ," ಎಂದರು. "ಕ್ಯಾಮೆರಾ ತಂದೀರೇನು? ಹೇಳ್ರಿ, ಈ ಸಲ ಯಾವ ಕಡೆ ಮುಖ ಮಾಡ್ಲಿ?"

"ಯಾರ್ರೀ ಅದು?" ಎಂದು ಒಳಗಿನಿಂದ ಹಸೀನಾಬಿ ಕೇಳಿದರು.

"ಕೆರಿ ಫೋಟೊದವ್ರು."

ಆಮೇಲೆ ಆಕೆ ಒಂದು ಗ್ಲಾಸು ನೀರು ತಂದು ನನ್ನ ಮುಂದೆ ಇಟ್ಟರು. "ನಳದ ನೀರ್ರಿ. ಚೀಲ ತೊಳದದ್ದಲ್ಲ. ಹೆದರಬ್ಯಾಡ್ರಿ, ಕುಡೀರಿ."

ಕುಡಿದೆ. ಚಿತ್ರವನ್ನು ಇಮಾಮಸಾಬರ ಮುಂದೆ ಬಿಡಿಸಿಟ್ಟೆ. ಅವರು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಬೆರಳು ಬಲದಿಂದ ಎಡಕ್ಕೆ ಸರಿಯಿತು.

"ಇದು ಕೋಡಿ. ಇದು ನಿಮ್ಮ ಹೊಲ. ಇದು ಚೀಲ," ಎಂದರು. "ಅವತ್ತ ನೋಡಿದ್ನಿ ನಾ."

"ನೋಡಿದ್ರಿ? ಮತ್ತ ಪಂಚಾಯ್ತ್ಯಾಗ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ಅದಕ್ಕ ನಿಮ್ಮ ಕಡೆ ನೋಡಿದ್ನಿ. ನೀವು ಹೇಳಿದ್ರ ನಂಬ್ತಿದ್ರು."

ನನಗೆ ಹೇಳಲು ಉಳಿದಿದ್ದದ್ದು ಒಂದೇ ಮಾತು. "ತಪ್ಪಾತು ನಂದು."

"ನನಗ್ಯಾಕ ಹೇಳ್ತೀರಿ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. "ನಾ ಅಲ್ಲೇ ಕುಂತಿದ್ನಲ್ಲ, ನನಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ."

ಅಷ್ಟು ಹೇಳಿ ಮತ್ತೆ ಹೊಲಿಯಲು ಕುಳಿತರು. ಅವರು ನನ್ನನ್ನು ಕ್ಷಮಿಸಲಿಲ್ಲ. ನಾನು ಕೇಳಲೂ ಇಲ್ಲ. ಕೇಳುವ ಹಕ್ಕು ನನ್ನದಲ್ಲ.

ಗೊತ್ತಿಲ್ಲದವರಿಗೆ ಹೇಳಿದ್ದು ಹೀಗೆ. ರೋಣದಲ್ಲಿ ಪೂರ್ತಿ ಚಿತ್ರವನ್ನು ಫ್ಲೆಕ್ಸ್ ಮಾಡಿಸಿದೆ. ಏರಿಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಎರಡು ಗೂಟ ನೆಟ್ಟು ಕಟ್ಟಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದೆ: "ಇಮಾಮಸಾಬರು ಚೀಲ ತೊಳೆದದ್ದು ಕೋಡಿಯ ಆಚೆ. ಕೆರೆಗೆ ಗೊಬ್ಬರ ಬಂದದ್ದು ಎಡಗಡೆಯ ಹೊಲದಿಂದ. ಆ ಹೊಲ ನಮ್ಮದು. ಆ ಚೀಲ ಇಟ್ಟವನು ನಾನು. ಈ ಚಿತ್ರ ಕತ್ತರಿಸಿದವನೂ ನಾನು." ಕೊನೆಗೆ ನನ್ನ ಹೆಸರು.

ಅವತ್ತೇ ಸಂಜೆಗೆ ಮುಂಚೆ ಅಣ್ಣ ಬಂದ.

"ಮನಿ ಮಾನ ಏರಿ ಕೆಳಗ ತೂಗ ಹಾಕೀಯಲ್ಲೋ ತಮ್ಮಾ."

"ಮಾನ ಅಲ್ಲ ಅಣ್ಣಾ. ಯೂರಿಯಾ ಚೀಲ."

"ಊರ ಮಂದಿಯೆಲ್ಲಾ ಇಡತಾರ. ನಿನಗ ನಮ್ಮ ಹೊಲ ಒಂದ ಕಂಡತೇನು?"

"ಫೋಟೊದಾಗ ನಮ್ಮದ ಐತಿ. ಉಳಿದವ್ರದು ಉಳಿದವ್ರು ಹೇಳಲಿ."

"ಎಷ್ಟ ದಿವಸ ಇಡಾಂವ ಇದನ್ನ?"

"ಕೆರಿ ತಿಳಿ ಆಗೂತನಾ."

ಅಣ್ಣ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನ್ನ ಪಾಲಿನ ಹೊಲದಲ್ಲಿ ಬಸಿಗಾಲುವೆಯ ಬಾಯಿ ಮುಚ್ಚಿಸಿ, ಕೆರೆಯ ಅಂಚಿನ ಪಟ್ಟಿಯನ್ನು ಹುಲ್ಲಿಗೆ ಬಿಟ್ಟಿದ್ದೇನೆ. ಗೊಬ್ಬರವನ್ನು ಕೈಯಿಂದಲೇ, ಬುಡಕ್ಕೆ, ಬೇಕಾದಷ್ಟೇ ಹಾಕುತ್ತೇನೆ. ಗರಿ ಮುಖ ಕೊಯ್ಯುತ್ತದೆ, ಕೊಯ್ಯಲಿ. ಇದು ಪ್ರಾಯಶ್ಚಿತ್ತವಲ್ಲ, ಮೊದಲೇ ಮಾಡಬೇಕಾಗಿದ್ದ ಕೆಲಸ. ಕುರಿಗಾರರ ಮೇಲೆ ದೂರು ಬರೆದುಕೊಡಲು ಪಂಚಾಯಿತಿಯಲ್ಲಿ ಕಾಗದ ಸಿದ್ಧವಾಗಿತ್ತು. ಪಂಚಾಯಿತಿಗೆ ಹೋಗುವ ದಾರಿ ಏರಿಯ ಕೆಳಗೇ ಇದೆ, ಸಹಿ ಹಾಕುವವರು ಆ ಚಿತ್ರದ ಮುಂದೆ ಹಾದು ಹೋಗಬೇಕು. ಈವರೆಗೆ ಯಾರೂ ಸಹಿ ಹಾಕಿಲ್ಲ.

ಮೊದಲ ಫ್ಲೆಕ್ಸ್ ನಾಲ್ಕನೆಯ ದಿನ ಹರಿದಿತ್ತು. ಯಾರು ಹರಿದರು ಎಂದು ನನಗೆ ಗೊತ್ತು, ಬರೆಯುವುದಿಲ್ಲ. ಇದು ನನ್ನ ತಪ್ಪಿನ ದಾಖಲೆ, ಅವರದಲ್ಲ. ಅದೇ ಮಧ್ಯಾಹ್ನ ಎರಡನೆಯದನ್ನು ಕಟ್ಟಿದೆ.

ಸರೋಜಾ ಟೀಚರು ನಿವೃತ್ತರಾಗಿ ನರಗುಂದದಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿ, ಕೆರೆ ತಿಳಿಯಾಗಲು ಎಷ್ಟು ದಿನ ಬೇಕು ಎಂದು ಕೇಳಿದೆ.

"ಇವತ್ತ ಎಲ್ಲಾರೂ ನಿಲ್ಲಿಸಿದ್ರೂ ಲಗೂ ತಿಳಿ ಆಗೂದಿಲ್ರಿ ಸರ್," ಎಂದರು. "ಹಾಕಿದ್ದೆಲ್ಲಾ ತಳದ ಕೆಸರಿನಾಗ ಕುಂತೈತಿ. ವರ್ಷಾನುಗಟ್ಟಲೆ ಮ್ಯಾಲೆ ಬರ್ತಾನ ಇರತೈತಿ."

ಬರಲಿ. ನನಗೂ ಅವಸರವಿಲ್ಲ. ಮೂರನೆಯ ಫ್ಲೆಕ್ಸ್ ಮನೆಯಲ್ಲಿ ಸುತ್ತಿ ಇಟ್ಟಿದ್ದೇನೆ.